ಕಂಪನಿ ಹೆಸರಿನ ಚೌಕಗಳ ಊರು

ಪುಣೆಯ ಪಕ್ಕದ ನಮ್ಮ ಪಿಂಪ್ರಿ-ಚಿಂಚವಡದಲ್ಲಿ ಯಾರನ್ನಾದರೂ ದಾರಿ ಕೇಳಿ ನೋಡಿ. ಕೆಎಸ್‌ಬಿ ಚೌಕ ಅಂತಾರೆ, ಥರ್ಮ್ಯಾಕ್ಸ್ ಚೌಕ ಅಂತಾರೆ, ಫಿನೊಲೆಕ್ಸ್ ಚೌಕ ಅಂತಾರೆ. ಎಚ್.ಎ. ಕಾಲೊನಿ ಸ್ಟಾಪಿನಲ್ಲಿ ಇಳೀರಿ ಅಂತಾರೆ. ಟೆಲ್ಕೊ ಕಂಪನಿ 2003ರಲ್ಲೇ ಹೆಸರು ಬದಲಿಸಿಕೊಂಡು ಟಾಟಾ ಮೋಟರ್ಸ್ ಆಯಿತು. ಟೆಲ್ಕೊ ರೋಡ್ ಮಾತ್ರ ಇವತ್ತಿಗೂ ಟೆಲ್ಕೊ ರೋಡೇ. ದೇವರ ಹೆಸರಿನ ಚೌಕ, ನಾಯಕರ ಹೆಸರಿನ ಚೌಕ ಇಲ್ಲಿಯೂ ಇವೆ, ಇಲ್ಲ ಅಂತಲ್ಲ. ಆದರೆ ರಿಕ್ಷಾದವನಿಗೆ ಥಟ್ಟನೆ ಅರ್ಥವಾಗೋದು ಪಂಪ್ ಮಾಡುವ ಕಂಪನಿಯ ಹೆಸರು.

ಪಿಂಪ್ರಿ-ಚಿಂಚವಡ ಅಂದರೆ ಪುಣೆಯ ಹಳೇ ಪೇಟೆಯವರಿಗೆ ಇವತ್ತಿಗೂ ಸ್ವಲ್ಪ ಸಸಾರ. "ಅಲ್ಲೇನಿದೆ? ಬರೀ ಕಂಪನಿಗಳು" ಅಂತಾರೆ. ಅವರಿಗೆ ವಾಡೆಗಳಿವೆ, ನಾಟಕವಿದೆ, ಪೇಶ್ವೆಗಳಿದ್ದಾರೆ. ನಮಗೆ ಶೆಡ್ಡುಗಳಿವೆ. ಬಹಳ ವರ್ಷ ಇಲ್ಲಿದ್ದು, ಪರ್ಚೇಸ್ ಕೆಲಸಕ್ಕಂತ ಶೆಡ್ಡಿಂದ ಶೆಡ್ಡಿಗೆ ಅಲೆದ ನನಗೆ ಆ ಮಾತು ಒಪ್ಪಿಗೆಯಾಗಲ್ಲ. ಕಂಪನಿಗಳದ್ದೂ ಒಂದು ಚರಿತ್ರೆಯೇ ಅಲ್ವಾ? ಇಲ್ಲಿ ಅದನ್ನು ಮ್ಯೂಸಿಯಮ್ಮಿನಲ್ಲಿ ಇಟ್ಟಿಲ್ಲ, ಅಷ್ಟೇ.

ಮೊದಲು ನೆಲದ ಸಂಗತಿ. ಊರಿನ ನಡುವೆ ಹರಿಯೋದು ಪವನಾ. ಸಹ್ಯಾದ್ರಿಯಲ್ಲಿ, ಲೋನಾವಳದ ದಕ್ಷಿಣಕ್ಕೆ ಹುಟ್ಟಿ, ರಾವೇತ್, ಥೇರಗಾಂವ್, ಚಿಂಚವಡ, ಪಿಂಪ್ರಿ ದಾಟಿ ದಾಪೋಡಿ ಹತ್ತಿರ ಮುಳಾ ನದಿಗೆ ಸೇರುತ್ತದೆ. ಉತ್ತರದ ಅಂಚಿನಲ್ಲಿ ಇಂದ್ರಾಯಣಿ. ಎರಡು ಹೊಳೆಗಳ ನಡುವಿನ ಸಮತಟ್ಟು ಜಾಗದಲ್ಲಿ ಮುಂಬೈ-ಪುಣೆ ರಸ್ತೆಯೂ ರೈಲೂ ಒಂದರ ಪಕ್ಕ ಒಂದು ಸಾಗುತ್ತವೆ. ನೀರು, ರೈಲು, ರಸ್ತೆ, ಬಯಲು. ಕಾರ್ಖಾನೆ ಹಾಕುವವನಿಗೆ ಇದಕ್ಕಿಂತ ಇನ್ನೇನು ಬೇಕು?

ಆದರೆ ಕಾರ್ಖಾನೆಗಿಂತ ಎಷ್ಟೋ ಮುಂಚೆ ಚಿಂಚವಡಕ್ಕೆ ಹೆಸರಿತ್ತು. ಪವನೆಯ ದಡದಲ್ಲಿ ಮೋರಯಾ ಗೋಸಾವಿಯವರ ಸಮಾಧಿ ಇದೆ. ಗಣಪತಿಯ ಮಹಾಭಕ್ತ. ಗಣೇಶ ಹಬ್ಬದಲ್ಲಿ ನಾವೂ ನೀವೂ ಕೂಗುವ "ಗಣಪತಿ ಬಪ್ಪಾ ಮೋರಯಾ" ಎಂಬುದರಲ್ಲಿನ ಮೋರಯಾ ಇವರೇ ಅನ್ನೋದು ಇಲ್ಲಿಯ ನಂಬಿಕೆ. ಅವರ ತಂದೆ-ತಾಯಿ ಬೀದರ್ ಕಡೆಯಿಂದ ಮೋರಗಾಂವಿಗೆ ಬಂದವರು ಎಂಬ ಐತಿಹ್ಯವೂ ಇದೆ. ಇದನ್ನು ಹೇಳಿದಾಗ ನಮ್ಮ ಬೀದರಿನ ಗೆಳೆಯನ ಎದೆ ಉಬ್ಬಿದ್ದು ನೋಡಬೇಕಿತ್ತು. "ಅಂದ್ರ ಇಲ್ಲಿಗೆ ಮೊದ್ಲು ಬಂದವ್ರು ನಾವೇ" ಅಂತ ಶುರು ಮಾಡಿದ. ಐತಿಹ್ಯ ಕಣಪ್ಪಾ, ಸ್ವಲ್ಪ ತಡಕೋ ಅಂದೆ. ದೇವಸ್ಥಾನಕ್ಕೆ ಪೇಶ್ವೆಗಳ ಕಾಲದಲ್ಲಿ ದೊಡ್ಡ ಮಾನವಿತ್ತು. ಚಿಂಚವಡದಲ್ಲಿ ಒಂದು ಟಂಕಸಾಲೆಯೂ ಇತ್ತು, ನಾಣ್ಯ ಅಚ್ಚು ಹಾಕುತ್ತಿದ್ದರು. ಅಂದರೆ ಲೋಹದ ಕೆಲಸ ಈ ಊರಿಗೆ ತೀರ ಹೊಸದೇನಲ್ಲ.

ಚಾಪೇಕರ್ ಸಹೋದರರೂ ಈ ಚಿಂಚವಡದವರೇ. ಪುಣೆಯಲ್ಲಿ ಪ್ಲೇಗ್ ಬಂದಾಗ ತಪಾಸಣೆಯ ಹೆಸರಿನಲ್ಲಿ ಸೋಲ್ಜರುಗಳು ಮನೆಮನೆ ನುಗ್ಗಿದರು. ಆ ಸಿಟ್ಟಿಗೆ 1897ರ ಜೂನ್ 22ರ ರಾತ್ರಿ, ವಿಕ್ಟೋರಿಯಾ ರಾಣಿಯ ವಜ್ರ ಮಹೋತ್ಸವದ ದಿನ, ಪ್ಲೇಗ್ ಅಧಿಕಾರಿ ರ್‍ಯಾಂಡ್‌ಗೆ ಗಣೇಶಖಿಂಡ ರಸ್ತೆಯಲ್ಲಿ ಗುಂಡು ಹಾರಿಸಿದರು. ದಾಮೋದರ, ಬಾಳಕೃಷ್ಣ, ವಾಸುದೇವ, ಮೂವರೂ 1898-99ರಲ್ಲಿ ಗಲ್ಲಿಗೇರಿದರು. ಒಂದೇ ಮನೆಯ ಮೂರು ಮಕ್ಕಳು. ಚಾಪೇಕರ್ ಚೌಕದಲ್ಲಿ ಈಗ ಅವರ ಪ್ರತಿಮೆಗಳಿವೆ, ಸುತ್ತಲೂ ಹಾರ್ನು, ಮೇಲೆ ಫ್ಲೈಓವರು.

ಈಗ ಕಂಪನಿಗೆ ಬರೋಣ. ಎಲ್ಲ ಶುರುವಾಗಿದ್ದು ಒಂದು ಬೂಸ್ಟಿನಿಂದ ಅಂದರೆ ನಗಬೇಡಿ.

1954ರಲ್ಲಿ ಸರ್ಕಾರ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್ (ಎಚ್.ಎ.) ಕಂಪನಿ ಹಾಕಿತು. ಔಷಧಿ ತಯಾರಿಕೆಯಲ್ಲಿ ಸರ್ಕಾರದ ಮೊದಲ ಕಂಪನಿ ಅದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸಹಾಯ ಮಾಡಿದವು. 1955ರಲ್ಲಿ ಪೆನಿಸಿಲಿನ್ ಹೊರಬಂತು. ಅದುವರೆಗೆ ನಮ್ಮ ದೇಶಕ್ಕೆ ಪೆನಿಸಿಲಿನ್ ಹಡಗಿನಲ್ಲಿ ಬರುತ್ತಿತ್ತು. ಗಾಯಕ್ಕೆ ಕೀವು ಕಟ್ಟಿ, ನ್ಯುಮೋನಿಯಾ ಆಗಿ ಜನ ಸಾಯುತ್ತಿದ್ದ ಕಾಲ. ಪೆನಿಸಿಲಿನ್ ಕೊಡೋದು ಒಂದು ಬೂಸ್ಟು ತಾನೇ. ಅದನ್ನು ದೊಡ್ಡ ದೊಡ್ಡ ಟ್ಯಾಂಕುಗಳಲ್ಲಿ ಸಕ್ಕರೆ ಅಂಶದ ದ್ರವದಲ್ಲಿ ಬೆಳೆಸಬೇಕು. ಹೊರಗಿನ ಒಂದು ಕ್ರಿಮಿಯೂ ಒಳಗೆ ಹೋಗಬಾರದು. ಶುದ್ಧ ಮಾಡಿದ ಗಾಳಿಯನ್ನು ಒಂದೇ ಸಮ ಒಳಗೆ ಬಿಡುತ್ತಿರಬೇಕು. ಬೂಸ್ಟು ಬೆಳೆಯುವಾಗ ಬಿಸಿ ಹುಟ್ಟುತ್ತದೆ, ಅದನ್ನು ತಂಪಾಗಿಡಲು ನೀರು ಬೇಕೇ ಬೇಕು. ಪಕ್ಕದಲ್ಲಿ ಹೊಳೆ ಇದ್ದದ್ದು ಅನುಕೂಲವಾಯಿತು.

ಈ ಕಂಪನಿಯ ಸಂಶೋಧನಾ ವಿಭಾಗವನ್ನು ನಡೆಸಿದವರಲ್ಲಿ ದೊಡ್ಡ ಹೆಸರು ಎಂ.ಜೆ. ತಿರುಮಲಾಚಾರ್ ಅವರದು. ಮೈಸೂರು ಸೀಮೆಯ ಮಂಡಯಂ ಮನೆತನದವರು. ಶಿಲೀಂಧ್ರಗಳ ಅಧ್ಯಯನದಲ್ಲಿ ಪಳಗಿದ ಕೈ. ಅವರು ಮತ್ತು ಸಂಗಡಿಗರು 1960ರ ದಶಕದ ಆರಂಭದಲ್ಲಿ ಹ್ಯಾಮೈಸಿನ್ ಎಂಬ ಔಷಧಿ ಕಂಡುಹಿಡಿದರು. ಶಿಲೀಂಧ್ರದಿಂದ ಬರುವ ರೋಗಗಳಿಗೆ ಮದ್ದು ಅದು. ಬೆಳೆಗಳ ಬೂಸ್ಟು ರೋಗಕ್ಕೆ ಆರಿಯೋಫಂಗಿನ್ ಎಂಬ ಇನ್ನೊಂದು ಮದ್ದೂ ಅದೇ ಲ್ಯಾಬಿನಿಂದ ಬಂತು. ಹ್ಯಾಮೈಸಿನ್ ಕೊಡುವ ಸೂಕ್ಷ್ಮಜೀವಿಗೆ ವಿಜ್ಞಾನದಲ್ಲಿ ಇಟ್ಟ ಹೆಸರು ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ. ಪಿಂಪ್ರಿಯಲ್ಲಿ ಸಿಕ್ಕಿದ್ದಕ್ಕೆ ಪಿಂಪ್ರಿನಾ. ಪುಣೆಯ ಪೇಟೆಯವರು ಇನ್ನೊಮ್ಮೆ "ಅಲ್ಲೇನಿದೆ" ಅಂದರೆ ನಾನು ಇದನ್ನೇ ಹೇಳೋದು. ನಮ್ಮ ಊರಿನ ಹೆಸರು ಹೊತ್ತ ಜೀವಿಯೊಂದು ಜಗತ್ತಿನ ಪುಸ್ತಕಗಳಲ್ಲಿದೆ ಸ್ವಾಮಿ, ನಿಮ್ಮದೆಲ್ಲಿ?

ಅದೇ ಎಚ್.ಎ. ಈಗ ನಡೆದರೂ ನಡೆಯದ ಹಾಗೆ ಇದೆ. 1990ರ ದಶಕದಲ್ಲಿ ರೋಗಗ್ರಸ್ತ ಕಂಪನಿಗಳ ಪಟ್ಟಿಗೆ ಬಿತ್ತು. ವಿದೇಶದ ಅಗ್ಗದ ಮಾಲು ಒಂದು ಕಡೆ, ಹಳೆಯದಾದ ಯಂತ್ರಗಳು ಇನ್ನೊಂದು ಕಡೆ. ದೇಶದ ಜೀವ ಉಳಿಸಲು ಕಟ್ಟಿದ ಕಂಪನಿ, ಅದರ ಬಗ್ಗೆ ಈಗ ಚರ್ಚೆ ಬಂದರೆ ಜಾಗ ಎಷ್ಟಿದೆ, ರೇಟ್ ಎಷ್ಟು ಅನ್ನೋದೇ. ನನಗೆ ಇದು ಬೇಸರದ ವಿಷಯ. ಕಾಲೊನಿಯ ದೊಡ್ಡ ಮರಗಳ ಕೆಳಗೆ ನಡೆದರೆ ಆ ಕಾಲದವರು ಎಷ್ಟು ದೂರ ನೋಡಿದ್ದರು ಅನ್ನಿಸುತ್ತದೆ. ಮನೆ, ಶಾಲೆ, ಆಟದ ಮೈದಾನ, ಎಲ್ಲ ಲೆಕ್ಕ ಹಾಕಿ ಕಟ್ಟಿದ್ದು.

ಎಚ್.ಎ. ಬಂದ ಮೇಲೆ ಉಳಿದವರು ಬಂದರು. 1960ರ ಸುಮಾರಿಗೆ ಆಕುರ್ಡಿಯಲ್ಲಿ ಬಜಾಜ್ ಸ್ಕೂಟರು. 1962ರಲ್ಲಿ ಎಂಐಡಿಸಿ, ಅಂದರೆ ಮಹಾರಾಷ್ಟ್ರದ ಕೈಗಾರಿಕಾ ಅಭಿವೃದ್ಧಿ ನಿಗಮ ಹುಟ್ಟಿತು, ಭೋಸರಿ, ಚಿಂಚವಡಗಳಲ್ಲಿ ಪ್ಲಾಟು ಕೊಟ್ಟಿತು. ಮುಂಬೈಯಲ್ಲಿ ಹೊಸ ಕಾರ್ಖಾನೆ ಬೇಡ, ಹೊರಗೆ ಹೋಗಿ ಅಂತ ಸರ್ಕಾರ ತಳ್ಳುತ್ತಿದ್ದ ಹೊತ್ತು. 1966ರಲ್ಲಿ ಟೆಲ್ಕೊ ಬಂತು. ಆ ಕಂಪನಿ ನಡೆಸುತ್ತಿದ್ದ ಸುಮಂತ್ ಮೂಳಗಾಂವ್ಕರ್ ಅಲ್ಲಿ ಯಂತ್ರದ ಜತೆಗೆ ಕೆರೆ ಕಟ್ಟಿಸಿದರು, ಗಿಡ ನೆಡಿಸಿದರು. ಹುಬ್ಬಳ್ಳಿಯಲ್ಲಿ ಓದಿದ ಸುಧಾ ಮೂರ್ತಿಯವರು ಜೆಆರ್‌ಡಿ ಟಾಟಾರಿಗೆ ಪೋಸ್ಟ್‌ಕಾರ್ಡ್ ಬರೆದು ಈ ಟೆಲ್ಕೊಗೆ ಎಂಜಿನಿಯರಾಗಿ ಸೇರಿದ ಕತೆ ಕನ್ನಡಿಗರಿಗೆ ಬಾಯಿಪಾಠ, ಮತ್ತೆ ಹೇಳಲ್ಲ. 1970ರಲ್ಲಿ ಪಿಂಪ್ರಿ, ಚಿಂಚವಡ, ಆಕುರ್ಡಿ, ಭೋಸರಿ ಎಂಬ ನಾಲ್ಕು ಹಳ್ಳಿಗಳನ್ನು ಸೇರಿಸಿ ನಗರಪಾಲಿಕೆ ಮಾಡಿದರು. ಅಣ್ಣಾಸಾಹೇಬ್ ಮಗರ್ ಮೊದಲ ಅಧ್ಯಕ್ಷರು. 1982ರಲ್ಲಿ ಮಹಾನಗರಪಾಲಿಕೆ ಆಯಿತು. ಆಕ್ಟ್ರಾಯ್, ಅಂದರೆ ಊರೊಳಗೆ ಬರುವ ಸರಕಿನ ಮೇಲಿನ ತೆರಿಗೆಯ ದುಡ್ಡು ಹೊಳೆಯಾಗಿ ಹರಿದು ಬಂತು. ಏಷ್ಯಾದಲ್ಲೇ ಶ್ರೀಮಂತ ಪಾಲಿಕೆ ನಮ್ಮದು ಅಂತ ಇಲ್ಲಿಯವರು ಬಹಳ ವರ್ಷ ಮೀಸೆ ತಿರುವಿದರು. 2011ರ ಜನಗಣತಿಯಲ್ಲಿ ಜನ 17 ಲಕ್ಷ ದಾಟಿತ್ತು. ನಾಲ್ಕು ಹಳ್ಳಿ ಅಂತ ಈಗ ಯಾರಿಗೆ ಹೇಳೋದು!

ಇಷ್ಟು ಜನ ಎಲ್ಲಿಂದ ಬಂದರು? ಎಲ್ಲ ಕಡೆಯಿಂದ. ದೇಶ ವಿಭಜನೆಯಾದಾಗ ಬಂದ ಸಿಂಧಿಗಳು ಪಿಂಪ್ರಿ ಕ್ಯಾಂಪಿನಲ್ಲಿ ನೆಲೆಸಿದರು. ಇವತ್ತಿಗೂ ಮದುವೆ ಬಟ್ಟೆ ಅಲ್ಲೇ ಕೊಳ್ಳಬೇಕು. ಬರದ ವರ್ಷಗಳಲ್ಲಿ ಮರಾಠವಾಡದವರು, ಸೊಲ್ಲಾಪುರದವರು ಬಂದರು. ಐಟಿಐ ಸರ್ಟಿಫಿಕೇಟ್ ಹಿಡಿದು ಮಲಯಾಳಿಗಳು ಬಂದರು. ನಮ್ಮವರೂ ಬಂದರು. ವಿಜಯಪುರ, ಕಲಬುರಗಿ, ಬೀದರ್, ಬೆಳಗಾವಿ. ಕೆಲವರು ಟರ್ನರು, ಫಿಟ್ಟರು. ಇನ್ನೂ ಜಾಸ್ತಿ ಜನ ಗೌಂಡಿ ಕೆಲಸಕ್ಕೆ. ಬೆಳಗ್ಗೆ ಕೂಲಿ ನಾಕಾದಲ್ಲಿ ನಿಂತರೆ ಕಿವಿಗೆ ಬೀಳೋದರಲ್ಲಿ ಅರ್ಧ ಕನ್ನಡ. ಊರಿನ ಈಗಿನ ಎತ್ತರದ ಟವರುಗಳೆಲ್ಲ ಎದ್ದಿದ್ದು ಅವರ ಕೈಯಲ್ಲಿ. ಸಂಘ, ಸಮ್ಮೇಳನ ಅಂತ ಫೋಟೋ ತೆಗೆಸಿಕೊಳ್ಳುವ ನಾವು ಅವರನ್ನು ಕನ್ನಡಿಗರ ಲೆಕ್ಕಕ್ಕೆ ಹಿಡಿಯೋದು ಕಡಿಮೆ. ತಪ್ಪದು.

ನಮ್ಮ ಕಾಕಾ ಬಂದಿದ್ದು 1970ರ ದಶಕದಲ್ಲಿ. ವಿಜಯಪುರದಿಂದ ಚಿಕ್ಕ ಹಳಿಯ ರೈಲು ಗಾಡಿಯಲ್ಲಿ ಸೊಲ್ಲಾಪುರಕ್ಕೆ, ಅಲ್ಲಿ ದೊಡ್ಡ ಗಾಡಿ ಹತ್ತಿ ಪುಣೆಗೆ. "ನಾ ಬಂದಾಗ ಇಲ್ಲೆಲ್ಲಾ ಜ್ವಾಳದ ಹೊಲ ಇದ್ವು ತಮ್ಮಾ. ಸೈರನ್ ಆದ್ರ ನಾಯಿ ಸುದ್ದಾ ಎದ್ದು ನಿಲ್ತಿದ್ವು" ಅನ್ನುತ್ತಿದ್ದರು. ಅವರ ಮಾತಿನಲ್ಲಿ ಜಗತ್ತು ಎರಡೇ ಭಾಗ. ಪರ್ಮನೆಂಟ್ ಆದವರು, ಆಗದವರು. ಪರ್ಮನೆಂಟ್ ಆದವನಿಗೆ ಹೆಣ್ಣು ಸಿಗುತ್ತಿತ್ತು, ಸೊಸೈಟಿ ಸಾಲ ಸಿಗುತ್ತಿತ್ತು, ಪ್ರಾಧಿಕರಣ ಎಂಬ ಹೊಸ ಬಡಾವಣೆಯಲ್ಲಿ ಪ್ಲಾಟು ಸಿಗುತ್ತಿತ್ತು. ಆಗದವನಿಗೆ ಸಿಗುತ್ತಿದ್ದದ್ದು ಬ್ರೇಕ್. ವರ್ಷದಲ್ಲಿ 240 ದಿನ ದುಡಿದರೆ ಕೆಲಸಗಾರನಿಗೆ ಕಾನೂನಿನ ಹಕ್ಕು ಹುಟ್ಟುತ್ತದೆ. ಆದ್ದರಿಂದ ಏಳು ತಿಂಗಳಾದ ಕೂಡಲೇ ಗೇಟ್‌ಪಾಸ್ ವಾಪಸ್ ತೆಗೆದುಕೊಂಡು ಮನೆಗೆ ಕಳಿಸುವುದು ಅನೇಕ ಕಾರ್ಖಾನೆಗಳ ರೂಢಿಯಾಗಿತ್ತು. ಮತ್ತೆ ಬೇರೆ ಗೇಟು, ಮತ್ತೆ ಏಳು ತಿಂಗಳು. ಕಾಕಾ ಹೀಗೆ ಎಷ್ಟೋ ಗೇಟು ಸುತ್ತಿ ಕೊನೆಗೆ ಒಂದರಲ್ಲಿ ನಿಂತರು. ಈಗ ಬ್ರೇಕ್ ಅನ್ನೋ ಮಾತು ಕಡಿಮೆಯಾಗಿದೆ, ಯಾಕಂದರೆ ಕಾಂಟ್ರಾಕ್ಟ್ ಅನ್ನೋದು ಬಂದಿದೆ.

ಇಲ್ಲಿ ಯೂನಿಯನ್ ಅಂದರೆ ಸುಮ್ನೆ ಅಲ್ಲ. 1989ರಲ್ಲಿ ರಾಜನ್ ನಾಯರ್ ನಾಯಕತ್ವದಲ್ಲಿ ಟೆಲ್ಕೊ ಕಾರ್ಮಿಕರು ಪುಣೆಯ ಶನಿವಾರವಾಡಾ ಎದುರು ಉಪವಾಸ ಕೂತರು. ಪೊಲೀಸರು ರಾತ್ರಿ ಬಂದು ಎತ್ತಿಕೊಂಡು ಹೋದರು. ಆ ಮುಷ್ಕರ ಮುರಿಯಿತು. ಆ ವಿಷಯ ಬಂದರೆ ಈಗಲೂ ಒಂದೇ ಚಹಾದ ಅಂಗಡಿಯಲ್ಲಿ ಇಬ್ಬರು ಮುದುಕರು ಎರಡು ಪಾರ್ಟಿ ಮಾಡಿಕೊಂಡು ಜಗಳಕ್ಕೆ ಬೀಳುತ್ತಾರೆ.

ಆಷಾಢ ಏಕಾದಶಿಗೆ ಪಂಢರಪುರದತ್ತ ಯಾತ್ರೆ ಹೊರಟಾಗ ಮಾತ್ರ ಊರು ಬೇರೆಯೇ ಕಾಣುತ್ತದೆ. ದೇಹುವಿನಿಂದ ಹೊರಟ ತುಕಾರಾಮರ ಪಾಲಕಿ ಆಕುರ್ಡಿಯ ವಿಠ್ಠಲ ಮಂದಿರದಲ್ಲಿ ತಂಗಿ, ಮಾರನೇ ದಿನ ಚಿಂಚವಡ, ಪಿಂಪ್ರಿ, ದಾಪೋಡಿ ದಾಟಿ ಪುಣೆಗೆ ಹೋಗುತ್ತದೆ. ಹಳೇ ಮುಂಬೈ ರಸ್ತೆಯ ಎರಡೂ ಬದಿ ಕಂಪನಿ ಗೇಟುಗಳು, ನಡುವೆ ತಾಳ, ಮೃದಂಗ, ತಲೆಯ ಮೇಲೆ ತುಳಸಿ. ಯೂನಿಫಾರ್ಮ್ ಹಾಕಿಕೊಂಡವರೇ ಬಾಳೆಹಣ್ಣು, ರಾಜಗಿರಿ ಲಾಡು ಹಂಚುತ್ತಾರೆ. ಹೀಗೆ ನಡೆದು ಹೋಗುವ ವಾರಕರಿಗಳಲ್ಲಿ ಗಡಿಭಾಗದ ಕನ್ನಡದವರೂ ಇರುತ್ತಾರೆ. ಪಂಢರಪುರ ಅವರಿಗೆ ಯಾವತ್ತೂ ಪರ ಊರಾಗಿರಲಿಲ್ಲ.

ಇನ್ನು ಹೊಳೆ. ಇಲ್ಲಿ ನನ್ನ ತಕರಾರು ಜಾಸ್ತಿ. ಈ ಊರು ಹೊಳೆಯ ನೀರು ಕುಡಿದು ಬೆಳೆಯಿತು, ಬೆಳೆದ ಮೇಲೆ ಹೊಳೆಗೆ ಬೆನ್ನು ಹಾಕಿತು. ಪವನಾ ಅಣೆಕಟ್ಟಿನಿಂದ ಬಿಟ್ಟ ನೀರು ಹೊಳೆಯಲ್ಲೇ ಹರಿದು ರಾವೇತ್ ಒಡ್ಡಿಗೆ ಬರುತ್ತದೆ. ಅಲ್ಲಿಂದ ಪಾಲಿಕೆ ಎತ್ತಿ, ಶುದ್ಧ ಮಾಡಿ, ಮನೆಗಳಿಗೆ ಕೊಡುತ್ತದೆ. ರಾವೇತ್ ತನಕ ಅದು ನದಿ. ಅಲ್ಲಿಂದ ಕೆಳಗೆ ಕೊಳಚೆ ನಾಲೆಗಳು ಬಂದು ಸೇರುತ್ತವೆ. ಥೇರಗಾಂವಿನ ಕೇಜುದೇವಿ ಒಡ್ಡಿನಲ್ಲಿ ಬಿಳಿ ನೊರೆ ಎದ್ದ ಫೋಟೋ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಬೇಸಿಗೆಯಲ್ಲಿ ಜಲಪರ್ಣಿ ಎಂಬ ನೀರಿನ ಕಳೆ ಎಷ್ಟು ದಟ್ಟ ಹಬ್ಬುತ್ತದೆ ಅಂದರೆ ಹೊಸಬರು ಅದನ್ನು ಮೈದಾನ ಅಂದುಕೊಳ್ಳಬೇಕು. ಜತೆಗೆ ಸೊಳ್ಳೆ.

ಅಣೆಕಟ್ಟಿನಿಂದ ನೇರ ಪೈಪಿನಲ್ಲಿ ನೀರು ತರುವ ಯೋಜನೆ ಬಂದಾಗ ಅಣೆಕಟ್ಟಿನ ಸುತ್ತಲಿನ ಮಾವಳ ತಾಲೂಕಿನ ರೈತರು ವಿರೋಧಿಸಿದರು. ನೀರು ಪೈಪಿಗೆ ಹೋದರೆ ನಮ್ಮ ಹೊಳೆಯ ಗತಿ ಏನು ಅನ್ನೋದು ಅವರ ಪ್ರಶ್ನೆ. 2011ರ ಆಗಸ್ಟ್ 9ರಂದು ಬವೂರ್ ಹತ್ತಿರ ಎಕ್ಸ್‌ಪ್ರೆಸ್‌ವೇ ತಡೆದರು. ಪೊಲೀಸರು ಗುಂಡು ಹಾರಿಸಿದರು, 3 ಜನ ಸತ್ತರು. ಯೋಜನೆ ವರ್ಷಗಟ್ಟಲೆ ನಿಂತಿತು. 2019ರ ಕೊನೆಯಿಂದ ಊರಿಗೆ ದಿನ ಬಿಟ್ಟು ದಿನ ನೀರು. ನಮ್ಮ ಸೊಸೈಟಿಯ ಮೀಟಿಂಗಿನಲ್ಲಿ ಒಬ್ಬರು ಇದಕ್ಕೆ ರೈತರನ್ನು ಬೈದರು. ನನಗೆ ಆ ಮಾತು ಸರಿ ಕಾಣಲಿಲ್ಲ. ಸೊಸೈಟಿ ಗೇಟಿನ ಮುಂದೆ ಕಾರು ತೊಳೆಯಲು ಪೈಪು ಹಿಡಿದವರಲ್ಲಿ ಅವರೇ ಮೊದಲಿಗರು.

ಕಂಪನಿಗಳೂ ಒಂದೊಂದಾಗಿ ರೂಪ ಬದಲಿಸುತ್ತಿವೆ. ಚಿಂಚವಡದ ಎಲ್ಪ್ರೊ ಆವರಣದಲ್ಲಿ ಸಿಡಿಲಿನ ಹೊಡೆತದಿಂದ ವಿದ್ಯುತ್ ಯಂತ್ರಗಳನ್ನು ಕಾಯುವ ಅರೆಸ್ಟರುಗಳು ತಯಾರಾಗುತ್ತಿದ್ದವು, ಅಲ್ಲೀಗ ಮಾಲ್ ಇದೆ. ಆಕುರ್ಡಿಯ ಬಜಾಜ್ ಕತೆ ಇನ್ನೂ ಮಜಾ. 1972ರಲ್ಲಿ ಚೇತಕ್ ಬಂದಾಗ ಬುಕ್ ಮಾಡಿದವರು ವರ್ಷಾನುಗಟ್ಟಲೆ ಕಾಯಬೇಕಿತ್ತು. 2007ರಲ್ಲಿ ಆಕುರ್ಡಿಯಲ್ಲಿ ಗಾಡಿ ತಯಾರಿಕೆ ನಿಂತಿತು. 2009ರಲ್ಲಿ ಕಂಪನಿ ಇನ್ನು ಸ್ಕೂಟರೇ ಮಾಡಲ್ಲ ಅಂತು. ಆಮೇಲೆ ಅದೇ ಚೇತಕ್ ಬ್ಯಾಟರಿ ಹಾಕಿಕೊಂಡು ವಾಪಸ್ ಬಂತು, 2022ರಲ್ಲಿ ಆಕುರ್ಡಿಯಲ್ಲೇ ಅದಕ್ಕೊಂದು ಹೊಸ ಘಟಕ ಶುರುವಾಯಿತು. ಅದೇ ವರ್ಷ ಮಾರ್ಚಿನಲ್ಲಿ ಮೆಟ್ರೋ ಕೂಡ ಓಡಿತು, ನಮ್ಮ ಪಾಲಿಕೆಯ ಹೆಸರಿನ ಪಿಸಿಎಂಸಿ ನಿಲ್ದಾಣದಿಂದ ಫುಗೇವಾಡಿವರೆಗೆ. ಮೆಟ್ರೋ ಎತ್ತರದಿಂದ ನೋಡಿದರೆ ಹಳೇ ಶೆಡ್ಡುಗಳ ಗರಗಸದ ಹಲ್ಲಿನಂಥ ಮಾಡು, ನಡುನಡುವೆ ಇಪ್ಪತ್ತು ಮಾಳಿಗೆಯ ಟವರು ಕಾಣುತ್ತವೆ.

ದೊಡ್ಡ ಕಂಪನಿಗಳ ಹಿಂದೆ ಇನ್ನೊಂದು ಊರಿದೆ, ಅದು ಗಾಳಾಗಳ ಊರು. ಗಾಳಾ ಅಂದರೆ ಭೋಸರಿಯ ಜೆ ಬ್ಲಾಕ್, ಎಸ್ ಬ್ಲಾಕುಗಳಲ್ಲಿ ಸಾಲಾಗಿರುವ ಸಣ್ಣ ವರ್ಕ್‌ಶಾಪು. ಒಂದು ಶಟರು, ನಾಲ್ಕು ಮಷಿನು, ಮೂಲೆಯಲ್ಲಿ ಗಣಪತಿ ಫೋಟೋ. ದೊಡ್ಡ ಕಂಪನಿಯ ಗಾಡಿಯಲ್ಲಿರುವ ಎಷ್ಟೋ ಬುಷ್ಷು, ಪಿನ್ನು, ಶಾಫ್ಟು ಹುಟ್ಟುವುದು ಇಲ್ಲಿ. ನನ್ನ ಕೆಲಸ ಇವರ ಜತೆ.

ಅದರಲ್ಲಿ ಒಂದು ಗಾಳಾ ಇಂಡಿ ತಾಲೂಕಿನವರದು. ಬಜಾಜಿನಲ್ಲಿ ಅಪ್ರೆಂಟಿಸ್ ಮಾಡಿ, ಬೇರೆ ಕಡೆ ದುಡಿದು, ವಿಆರ್‌ಎಸ್ (ಸ್ವಯಂ ನಿವೃತ್ತಿ) ದುಡ್ಡಿನಲ್ಲಿ ಇದನ್ನು ಹಾಕಿದವರು. ಮಗ ಕಂಪ್ಯೂಟರ್ ನಡೆಸುವ ಎರಡು ಸಿಎನ್‌ಸಿ ಮಷಿನು ತಂದಿದ್ದಾನೆ. ಅವು ಗಾಜಿನ ಬಾಗಿಲೊಳಗೆ ತಮ್ಮ ಪಾಡಿಗೆ ಕೆಲಸ ಮಾಡುತ್ತವೆ. ಆದರೆ ಒಳಗೆ ಹೋದ ಕೂಡಲೇ ಎಡಗಡೆ ಒಂದು ಹಳೇ ಲೇಥ್ ಇದೆ, ಲೋಹದ ಸರಳನ್ನು ತಿರುಗಿಸಿ ಕಡೆಯುವ ಯಂತ್ರ. ಬಣ್ಣ ಹೋಗಿ ಹೋಗಿ ಕೆಲವು ಕಡೆ ಬರೀ ಎರಕದ ಕಬ್ಬಿಣ ಕಾಣುತ್ತದೆ. ಹ್ಯಾಂಡಲ್ ಹಿಡಿದು ಹಿಡಿದು ಕನ್ನಡಿಯಾಗಿದೆ. ಹೆಡ್‌ಸ್ಟಾಕ್ ಮೇಲಿನ ಪಟ್ಟಿಯಲ್ಲಿ ಮೈಸೂರು ಕಿರ್ಲೋಸ್ಕರ್, ಹರಿಹರ ಅಂತ ಇದೆ. ಬೆಳಗಾವಿಯಲ್ಲಿ 1888ರಲ್ಲಿ ಸೈಕಲ್ ಅಂಗಡಿ ಇಟ್ಟ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನ 1941ರಲ್ಲಿ ತುಂಗಭದ್ರೆಯ ದಡದ ಹರಿಹರದಲ್ಲಿ ಹಾಕಿದ ಕಾರ್ಖಾನೆ ಅದು. ದೇಶದ ಎಷ್ಟೋ ಐಟಿಐಗಳಲ್ಲಿ ಹುಡುಗರು ಮೊದಲ ಸಲ ಟೂಲ್ ಹಿಡಿದದ್ದು ಹರಿಹರದ ಲೇಥ್ ಮೇಲೆ. ಈ ಶತಮಾನದ ಆರಂಭದಲ್ಲಿ ಆ ಕಾರ್ಖಾನೆ ಬಾಗಿಲು ಹಾಕಿತು. ಮಷಿನುಗಳು ಮಾತ್ರ ಇಲ್ಲಿ ತಿರುಗುತ್ತಲೇ ಇವೆ.

"ಎಣ್ಣಿ ಹಾಕ್ಕೋತ ಇದ್ರ ನನ್ನ ಮೊಮ್ಮಕ್ಕಳ ಕಾಲಕ್ಕೂ ನಡೀತದ ರೀ ಇದು" ಅಂದರು ಮಾಲೀಕರು. ಮಾತಾಡುತ್ತಲೇ ಚಕ್‌ನಲ್ಲಿ ಸರಳು ಕಚ್ಚಿಸಿ, ಕೀ ಬಿಗಿದು, ಕೂಲಂಟ್ ಬಿಟ್ಟರು. ಮಜ್ಜಿಗೆಯಂಥ ಬಿಳಿ ನೀರು. ಟೂಲ್ ತಾಗಿದ ಕಡೆ ಉಕ್ಕು ಸುರುಳಿ ಸುರುಳಿಯಾಗಿ ಎದ್ದು, ಬಿಸಿಗೆ ನೀಲಿಯಾಗಿ, ಟ್ರೇಗೆ ಬಿತ್ತು. ಮಷಿನ್ ನಿಲ್ಲಿಸಿ, ಬಟ್ಟೆಯಿಂದ ಒರೆಸಿ, ಮೈಕ್ರೋಮೀಟರ್ ಹಿಡಿದರು. 25 ಮಿ.ಮೀ. ಬೇಕಿತ್ತು, 25.06 ಇತ್ತು. ಇನ್ನೊಂದು ಕಟ್. ಈ ಸಲ ಅಳೆಯುವ ಮೊದಲೇ "ಪಾಯಿಂಟ್ ಜೀರೋ ಒನ್ ಉಳದದ ನೋಡ್ರಿ" ಅಂದರು. ಅಳೆದರೆ ಅಷ್ಟೇ ಇತ್ತು. ಸಿಎನ್‌ಸಿ ಇದ್ದೂ ಇದನ್ಯಾಕೆ ಇಟ್ಟುಕೊಂಡಿದ್ದೀರಿ ಅಂತ ಕೇಳಿದ್ದಕ್ಕೆ ಮಗನ ಕಡೆ ಕಣ್ಣು ಹೊಡೆದರು. "ಒಂದು ಪೀಸ್ ಮಾಡೋದಿದ್ರ ಅದಕ್ಕ ಪ್ರೋಗ್ರಾಮ್ ಬರಿಯೂದ್ರಾಗ ನಾ ಊಟಾ ಮಾಡಿ ಬರ್ತೀನಿ."

ಗಾಳಾದವರಿಗೆ ಈಗಿರುವ ಚಿಂತೆ ಬ್ಯಾಟರಿ ಗಾಡಿಯದು. ಪೆಟ್ರೋಲ್ ಎಂಜಿನ್ ಅಂದರೆ ಪಿಸ್ಟನ್, ಕ್ರ್ಯಾಂಕ್, ವಾಲ್ವ್, ಕ್ಲಚ್, ಸೈಲೆನ್ಸರ್, ಅದಕ್ಕೊಂದು, ಇದಕ್ಕೊಂದು ಸಣ್ಣ ಸಣ್ಣ ಭಾಗ. ಬ್ಯಾಟರಿ ಗಾಡಿಯಲ್ಲಿ ಅವು ಯಾವುವೂ ಇಲ್ಲ. ಭೋಸರಿಯ ಹೊಟ್ಟೆ ತುಂಬುತ್ತಿದ್ದದ್ದೇ ಆ ಸಣ್ಣ ಭಾಗಗಳಿಂದ. ನಾನು ಆ ಮಾತು ತೆಗೆದರೆ ಇಂಡಿಯ ಮಾಲೀಕರು ತಲೆ ಕೆಡಿಸಿಕೊಳ್ಳಲಿಲ್ಲ.

"ಮೋಟರಿಗೂ ಶಾಫ್ಟ್ ಬೇಕಲ್ರಿ. ಡ್ರಾಯಿಂಗ್ ಕೊಡ್ರಿ, ಸ್ಯಾಂಪಲ್ ಮಾಡಿ ತೋರಸ್ತೀನಿ. ಆದ್ರ ಪೇಮೆಂಟ್ ತೊಂಬತ್ತು ದಿನಕ್ಕ ಅನಬ್ಯಾಡ್ರಿ ಮತ್ತ. ಕಾಯ್ದೆದಾಗ ನಲವತ್ತೈದು ಅದ, ಮಗ ತೋರ್ಸ್ಯಾನ ನನಗ."